ಮಾತ್ರೆ ನುಂಗಿಸಿದರೂ ಹುಳ ಮತ್ತೆ ಯಾಕೆ ಬರುತ್ತದೆ?

ಹೋದ ತಿಂಗಳು ಒಂದು ಮಗುವಿನ ಹೊಟ್ಟೆನೋವಿನ ಬಗ್ಗೆ ಉತ್ತರ ಬರೆಯುವಾಗ ಸುಮ್ನೆ ಒಂದು ಸಾಲು ಸೇರಿಸಿದ್ದೆ, ಹುಳದ ಮಾತ್ರೆ ಕೊಟ್ಟು ಎಷ್ಟು ದಿನವಾಯಿತು ನೋಡಿಕೊಳ್ಳಿ ಅಂತ. ಅಷ್ಟೇ. ಬಿಪಿ, ಸಕ್ಕರೆ ಕಾಯಿಲೆ ಬಗ್ಗೆ ಪುಟಗಟ್ಟಲೆ ಬರೆದಾಗಲೂ ಇಷ್ಟು ಕಾಗದ ಬಂದಿರಲಿಲ್ಲ. ಹುಳದ ವಿಷಯ ಕ್ಲಿನಿಕ್‌ನಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ, ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಪಿಸುಗುಡುತ್ತಾರೆ. ಹಾಗಾಗಿ ಈ ಸಲ ಇಡೀ ಅಂಕಣ ಹುಳಕ್ಕೇ ಮೀಸಲು. ಹೆಸರು ಹಾಕಬೇಡಿ ಅಂತ ತುಂಬಾ ಜನ ಕೇಳಿಕೊಂಡಿದ್ದಾರೆ, ಅದಕ್ಕೆ ಯಾರ ಹೆಸರನ್ನೂ ಹಾಕಿಲ್ಲ.

ಡೊಂಬಿವಲಿಯಿಂದ ಒಬ್ಬ ತಾಯಿ: ಡಾಕ್ಟರಮ್ಮಾ, ನನ್ನ ಮಗಳಿಗೆ ಆರು ವರ್ಷ, ಮಗನಿಗೆ ನಾಲ್ಕು. ಫೆಬ್ರವರಿಯಲ್ಲಿ ಮಗಳಿಗೆ ಸ್ಕೂಲಿನಲ್ಲೇ ಹುಳದ ಮಾತ್ರೆ ಕೊಟ್ಟಿದ್ದರು. ಆದರೂ ರಾತ್ರಿಯೆಲ್ಲ ಹಿಂದೆ ಕೆರೆದುಕೊಳ್ಳುತ್ತಾಳೆ, ನಿದ್ದೆ ಇಲ್ಲ. ಮೆಡಿಕಲ್‌ನಿಂದ ತಂದು ಏಪ್ರಿಲ್‌ನಲ್ಲಿ ಒಂದು, ಜೂನ್‌ನಲ್ಲಿ ಒಂದು ಕೊಟ್ಟೆ. ಎಂಟು ದಿನ ಆರಾಮ, ಆಮೇಲೆ ಮತ್ತೆ ಅದೇ ಕಥೆ. ಮಾತ್ರೆ ನಕಲಿ ಇರಬಹುದಾ? ಇನ್ನೂ ಸ್ಟ್ರಾಂಗ್ ಇರುವುದು ಯಾವುದು? ಬೆಲ್ಲ, ಚಾಕಲೇಟ್ ನಿಲ್ಲಿಸು, ಹುಳ ತಾನಾಗಿ ಹೋಗುತ್ತದೆ ಅಂತ ಅತ್ತೆ ಹೇಳುತ್ತಾರೆ.

ಉತ್ತರ: ಮಾತ್ರೆ ನಕಲಿ ಅಲ್ಲ ತಾಯಿ. ಸ್ಟ್ರಾಂಗ್ ಮಾತ್ರೆಯೂ ಬೇಡ. ಮಾತ್ರೆ ತನ್ನ ಕೆಲಸ ಮಾಡಿದೆ, ಉಳಿದ ಅರ್ಧ ಕೆಲಸ ಮನೆಯಲ್ಲಿ ಬಾಕಿ ಇದೆ.

ಮೊದಲು ಒಂದು ಕೆಲಸ ಮಾಡಿ. ಮಗಳು ಮಲಗಿ ಎರಡು ಮೂರು ಗಂಟೆ ಆದ ಮೇಲೆ ಟಾರ್ಚ್ ಹಿಡಿದು ಹಿಂಭಾಗ ನೋಡಿ. ಬಿಳಿ ದಾರದ ಚೂರಿನಂಥದ್ದು, ಸುಮಾರು ಒಂದು ಸೆಂಟಿಮೀಟರ್ ಉದ್ದದ್ದು ಹರಿದಾಡುವುದು ಕಂಡರೆ ಅದು ಸೂಜಿಹುಳ, ಕೆಲವರು ದಾರದ ಹುಳ ಅನ್ನುತ್ತಾರೆ. ಹೆಣ್ಣು ಹುಳ ಹಗಲೆಲ್ಲ ಕರುಳಿನಲ್ಲಿದ್ದು ರಾತ್ರಿ ಹೊರಗೆ ಬಂದು ಗುದದ ಸುತ್ತ ಸಾವಿರಾರು ಮೊಟ್ಟೆ ಇಡುತ್ತದೆ, ಅದಕ್ಕೇ ಆ ನವೆ. ಮಗು ಕೆರೆದುಕೊಳ್ಳುತ್ತದೆ, ಮೊಟ್ಟೆ ಉಗುರಿನ ಸಂದಿಗೆ ಹೋಗುತ್ತದೆ, ಬೆಳಿಗ್ಗೆ ಅದೇ ಕೈಯಲ್ಲಿ ಬಿಸ್ಕೆಟ್ಟು. ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಇನ್ನೊಬ್ಬರ ಹೊಟ್ಟೆ ಸೇರಲು ತಯಾರಾಗಿರುತ್ತದೆ. ಹಾಸಿಗೆ, ಚಡ್ಡಿ, ಬಾಗಿಲ ಚಿಲಕ, ಆಟದ ಸಾಮಾನಿನ ಮೇಲೆ ಎರಡು ಮೂರು ವಾರ ಬದುಕಿರುತ್ತದೆ.

ಈಗ ಮಾತ್ರೆಯ ಕಡೆ ಬನ್ನಿ. ಸ್ಕೂಲಿನಲ್ಲಿ ಕೊಡುವುದು ಆಲ್ಬೆಂಡಜೋಲ್ 400 ಮಿಲಿಗ್ರಾಂ. ಹುಳದ ಜೀವಕೋಶಗಳಲ್ಲಿ ಟ್ಯುಬುಲಿನ್ ಅನ್ನುವ ಪ್ರೋಟೀನಿನಿಂದ ಕಟ್ಟಿದ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಈ ಮದ್ದು ಹೋಗಿ ಆ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಕೊಳವೆ ಕಟ್ಟಿಕೊಳ್ಳುವುದಿಲ್ಲ, ಹುಳಕ್ಕೆ ಸಕ್ಕರೆ ಹೀರಿಕೊಳ್ಳಲು ಆಗುವುದಿಲ್ಲ. ಅಂದರೆ ಹುಳ ವಿಷ ತಿಂದ ಇಲಿಯ ಹಾಗೆ ಸಾಯುವುದಿಲ್ಲ, ಎರಡು ಮೂರು ದಿನ ಉಪವಾಸ ಬಿದ್ದು ಸಾಯುತ್ತದೆ. ಮೆಬೆಂಡಜೋಲ್ ಕೂಡ ಇದೇ ಜಾತಿಯ ಮದ್ದು. ಆದರೆ ಮಾತ್ರೆ ನುಂಗಿದ ದಿನ ಹೊಟ್ಟೆಯಲ್ಲಿ ಇನ್ನೂ ಮೊಟ್ಟೆಯಾಗಿಯೇ ಇರುವುದು, ಉಗುರಲ್ಲಿ, ಹಾಸಿಗೆಯಲ್ಲಿ ಇರುವುದು ಹಾಗೇ ಉಳಿಯುತ್ತದೆ. ಅದಕ್ಕೆ ಸೂಜಿಹುಳಕ್ಕೆ ಸರಿಯಾಗಿ ಎರಡು ವಾರ ಬಿಟ್ಟು ಎರಡನೇ ಮಾತ್ರೆ ಕೊಡಲೇಬೇಕು. ಅಷ್ಟರಲ್ಲಿ ಹೊಸದಾಗಿ ಹೊರಬಂದ ಮರಿಗಳು ಬೆಳೆದು ಮತ್ತೆ ಮೊಟ್ಟೆ ಇಡುವ ಮೊದಲೇ ಸಿಕ್ಕಿಬೀಳುತ್ತವೆ. ನೀವು ಎರಡೆರಡು ತಿಂಗಳು ಬಿಟ್ಟು ಕೊಟ್ಟಿದ್ದೀರಿ. ಅಷ್ಟರಲ್ಲಿ ಅವು ಒಂದು ಸಂಸಾರವನ್ನೇ ಮುಗಿಸಿ ಇನ್ನೊಂದನ್ನು ಶುರುಮಾಡಿರುತ್ತವೆ.

ಇನ್ನೊಂದು ಮಾತು, ಇದೇ ಮುಖ್ಯ. ಮಗಳೊಬ್ಬಳಿಗೇ ಕೊಟ್ಟರೆ ಆಗುವುದಿಲ್ಲ. ಮಗ, ನೀವು, ಯಜಮಾನರು, ಅತ್ತೆ, ಎಲ್ಲರೂ ಒಂದೇ ದಿನ ನುಂಗಬೇಕು, ಎರಡು ವಾರದ ನಂತರ ಮತ್ತೆ ಎಲ್ಲರೂ ಒಂದೇ ದಿನ. ನವೆ ಇಲ್ಲದವರ ಹೊಟ್ಟೆಯಲ್ಲೂ ಹುಳ ಇರಬಹುದು. ಮನೆಯಲ್ಲಿ ಬಸುರಿ ಇದ್ದರೆ, ವರ್ಷ ತುಂಬದ ಕೂಸಿದ್ದರೆ, ಲಿವರ್ ತೊಂದರೆಯವರಿದ್ದರೆ ಅವರನ್ನು ಮಾತ್ರ ಬಿಟ್ಟು ಮೊದಲು ಡಾಕ್ಟರನ್ನು ಕೇಳಿ.

ಹೇಳುವವಳ ಮನೆಯಲ್ಲೇನು ಅಂತ ಕೇಳಬೇಡಿ. ನನ್ನ ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಇದೇ ಪಾಡು. ಮಲ ಪರೀಕ್ಷೆಗೆ ಕೊಟ್ಟೆ, ಹುಳವೂ ಇಲ್ಲ, ಮೊಟ್ಟೆಯೂ ಇಲ್ಲ ಅಂತ ರಿಪೋರ್ಟ್ ಬಂತು. ಮತ್ತೆ ಕೊಟ್ಟೆ, ಮತ್ತೆ ಅದೇ. ಲ್ಯಾಬಿನವರ ಮೇಲೆ ರೇಗಾಡಿದೆ ಕೂಡ. ತಪ್ಪು ನನ್ನದೇ. ಸೂಜಿಹುಳ ಮೊಟ್ಟೆ ಇಡುವುದು ಹೊರಗೆ, ಮಲದಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮೊದಲು, ಪಾರದರ್ಶಕ ಸೆಲ್ಲೋಟೇಪನ್ನು ಗುದದ ಸುತ್ತ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೂರು ದಿನ ಬೆಳಿಗ್ಗೆ ಹೀಗೆ ಮಾಡಿದರೆ ಹೆಚ್ಚುಕಡಿಮೆ ಸಿಕ್ಕೇ ಸಿಗುತ್ತದೆ. ನಮ್ಮನೆಯಲ್ಲಿ ಮೊದಲನೇ ಬೆಳಿಗ್ಗೆಯೇ ಸಿಕ್ಕಿತು. ಮಾತ್ರೆ ಕೊಟ್ಟೆ. ತಿಂಗಳು ಕಳೆದ ಮೇಲೆ ಮತ್ತೆ ಬಂತು! ಯಾಕೆ ಅಂದರೆ ಎರಡನೇ ಡೋಸಿನ ದಿನ ನಮ್ಮ ಯಜಮಾನರು ಮದುವೆಗೆ ಅಂತ ಊರಿಗೆ ಹೋಗಿದ್ದರು. ಅವರ ಮಾತ್ರೆ ಫ್ರಿಜ್ ಮೇಲೆ ಹಾಗೇ ಬಿದ್ದಿತ್ತು.

ಮಾತ್ರೆಯ ಜೊತೆಗೆ ಇಷ್ಟು ಮಾಡಿ. ಉಗುರು ಬುಡಕ್ಕೆ ಕತ್ತರಿಸಿ. ರಾತ್ರಿ ಮಗುವಿಗೆ ಬಿಗಿಯಾದ ಚಡ್ಡಿ ಹಾಕಿ, ಬೆಳಿಗ್ಗೆ ಎದ್ದ ತಕ್ಷಣ ಸ್ನಾನ ಮಾಡಿಸಿ, ಸಂಜೆಯ ಸ್ನಾನ ಇದಕ್ಕೆ ಉಪಯೋಗವಿಲ್ಲ. ಚಾದರ, ಚಡ್ಡಿ, ಟವೆಲ್ ಬಿಸಿನೀರಲ್ಲಿ ಒಗೆಯಿರಿ. ಒಗೆಯುವ ಮೊದಲು ಚಾದರವನ್ನು ರಪ್ ಅಂತ ಕೊಡವಬೇಡಿ, ಮೊಟ್ಟೆ ಮನೆಯೆಲ್ಲ ಹಾರುತ್ತದೆ. ಒಂದೇ ರೂಮಿನ ಮನೆಯಲ್ಲಿ ಐದು ಜನ ಒಂದೇ ಸಾಲಿಗೆ ಮಲಗುವಾಗ ಇದೆಲ್ಲ ಹೇಳಿದಷ್ಟು ಸುಲಭ ಅಲ್ಲ, ಗೊತ್ತು. ಎರಡು ವಾರ ಕಷ್ಟಪಡಿ, ಸಾಕು.

ಇನ್ನು ಅತ್ತೆಯ ಮಾತು. ಬೆಲ್ಲ ತಿಂದರೆ ಹುಳ ಹುಟ್ಟುವುದಿಲ್ಲ, ಮೊಟ್ಟೆ ಹೊಟ್ಟೆಗೆ ಹೋದರೆ ಮಾತ್ರ ಹುಟ್ಟುತ್ತದೆ. ರಾತ್ರಿ ಹಲ್ಲು ಕಡಿಯುವುದು, ಕೆನ್ನೆಯ ಮೇಲೆ ಬಿಳಿ ಮಚ್ಚೆ, ಇವೂ ಹುಳದಿಂದಲ್ಲ. ಅತ್ತೆಯ ಹತ್ತಿರ ವಾದ ಮಾಡಬೇಡಿ, ಚಾಕಲೇಟ್ ಕಡಿಮೆಯಾದರೆ ಹಲ್ಲಿಗೆ ಒಳ್ಳೆಯದೇ ಅಲ್ವಾ.

ಪುಣೆಯ ಹಡಪಸರದಿಂದ, ಸಾಫ್ಟ್‌ವೇರ್ ಕೆಲಸದವರು: ಆರು ತಿಂಗಳಿಗೊಮ್ಮೆ ತಪ್ಪದೆ ಜೆಂಟೆಲ್ (ಆಲ್ಬೆಂಡಜೋಲ್ ಮಾತ್ರೆಯ ಒಂದು ಬ್ರ್ಯಾಂಡ್) ತಗೊಳ್ಳುತ್ತೇನೆ. ಈ ಸಲ ಅಂಗಡಿಯವನು ‘ಪ್ಲಸ್’ ಇರುವುದು ಕೊಟ್ಟ, ಅದರಲ್ಲಿ ಐವರ್ಮೆಕ್ಟಿನ್ ಕೂಡ ಇದೆ, ಜಾಸ್ತಿ ಕೆಲಸ ಮಾಡುತ್ತದೆ ಅಂದ. ಖಾಲಿ ಹೊಟ್ಟೆಗೋ, ಊಟ ಆದ ಮೇಲೋ?

ಉತ್ತರ: ಆರು ತಿಂಗಳಿಗೊಮ್ಮೆ ಅನ್ನುವುದು ಮಕ್ಕಳ ಲೆಕ್ಕ. 2015ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಶುರುಮಾಡಿತು. ಫೆಬ್ರವರಿ 10, ಆಗಸ್ಟ್ 10, ಒಂದರಿಂದ ಹತ್ತೊಂಬತ್ತು ವರ್ಷದವರಿಗೆ. ಊರೂರಿಗೆ ತಾರೀಕು ಸ್ವಲ್ಪ ಆಚೀಚೆ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗೆ: ಒಂದು ಪ್ರದೇಶದಲ್ಲಿ ನೂರಕ್ಕೆ ಇಪ್ಪತ್ತು ಜನರಿಗೆ ಹುಳ ಇದ್ದರೆ ವರ್ಷಕ್ಕೊಮ್ಮೆ, ಐವತ್ತು ದಾಟಿದರೆ ಎರಡು ಸಲ, ಪರೀಕ್ಷೆ ಮಾಡದೆಯೇ ಕೊಡಬಹುದು. ಅಲ್ಲಿ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡುವ ಖರ್ಚಿಗಿಂತ ಮಾತ್ರೆ ಅಗ್ಗ. ಶೂ ಹಾಕಿಕೊಂಡು ಎಸಿ ಆಫೀಸಿನಲ್ಲಿ ಕೂತು ಫಿಲ್ಟರ್ ನೀರು ಕುಡಿಯುವ ನಿಮಗೆ ಕ್ಯಾಲೆಂಡರ್ ನೋಡಿ ನುಂಗುವ ಅಗತ್ಯ ನನಗೆ ಕಾಣುವುದಿಲ್ಲ. ಹೊಟ್ಟೆ ತೊಂದರೆ ಇದ್ದರೆ ಪರೀಕ್ಷೆ ಮಾಡಿಸಿ, ಹುಳ ಸಿಕ್ಕರೆ ನುಂಗಿ.

ಐವರ್ಮೆಕ್ಟಿನ್ ಒಳ್ಳೆಯ ಮದ್ದು. ಜಪಾನಿನ ಕವಾನಾದ ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ಸತೋಶಿ ಒಮುರಾ ಬೇರ್ಪಡಿಸಿದ ಒಂದು ಸೂಕ್ಷ್ಮಜೀವಿಯಿಂದ ಹುಟ್ಟಿದ ಮದ್ದು ಅದು. ಅದಕ್ಕಾಗಿ ಅವರಿಗೂ ವಿಲಿಯಂ ಕ್ಯಾಂಪ್ಬೆಲ್ ಅವರಿಗೂ 2015ರ ನೊಬೆಲ್ ಬಂತು. ಆದರೆ ಒಳ್ಳೆಯ ಮದ್ದು ಅಂದ ಮಾತ್ರಕ್ಕೆ ಎಲ್ಲರಿಗೂ ಬೇಕು ಅಂತಲ್ಲ. ಕರುಳಿನಲ್ಲಿ ಇರುವ ಚಾಟಿಹುಳ ಅಂತ ಒಂದು ಜಾತಿ ಇದೆ, ಅದಕ್ಕೆ ಆಲ್ಬೆಂಡಜೋಲ್‌ನ ಒಂದು ಡೋಸ್ ಸರಿಯಾಗಿ ತಾಗುವುದಿಲ್ಲ, ಅಲ್ಲಿ ಎರಡೂ ಸೇರಿದರೆ ಲಾಭ. ಸ್ಟ್ರಾಂಗಿಲಾಯ್ಡಿಸ್ ಅನ್ನುವ ಇನ್ನೊಂದು ಹುಳಕ್ಕೆ ಐವರ್ಮೆಕ್ಟಿನ್ನೇ ಮೊದಲ ಮದ್ದು. ಆ ಹುಳ ಒಳಗಿರುವುದು ಗೊತ್ತಿಲ್ಲದೆ ಆಸ್ತಮಾಕ್ಕೋ ಕೀಲುನೋವಿಗೋ ಸ್ಟೀರಾಯ್ಡ್ ಕೊಟ್ಟರೆ ಅದು ಮೈಯೆಲ್ಲ ಹರಡಿ ಜೀವಕ್ಕೇ ಬರಬಹುದು. ದುಂಡುಹುಳ, ಕೊಕ್ಕೆಹುಳಕ್ಕೆ ಬರೀ ಆಲ್ಬೆಂಡಜೋಲ್ ಸಾಕು. ‘ಪ್ಲಸ್’ ಬೇಕಾ ಬೇಡವಾ ಅನ್ನುವುದು ಯಾವ ಹುಳ ಅನ್ನುವುದರ ಮೇಲೆ ಹೋಗುತ್ತದೆ, ಅಂಗಡಿಯವನ ಕಪಾಟಿನಲ್ಲಿ ಏನಿದೆ ಅನ್ನುವುದರ ಮೇಲಲ್ಲ. ಹದಿನೈದು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ, ಬಸುರಿಯರಿಗೆ ಅದನ್ನು ನೀವಾಗಿ ಕೊಡಲೇಬೇಡಿ.

ಖಾಲಿ ಹೊಟ್ಟೆಯ ಪ್ರಶ್ನೆ ತುಂಬಾ ಜನ ಕೇಳಿದ್ದಾರೆ. ಆಲ್ಬೆಂಡಜೋಲ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಹುಳ ಇರುವುದು ಕರುಳಿನಲ್ಲೇ ಆದ್ದರಿಂದ ಅದೇ ಒಳ್ಳೆಯದಾಯಿತು, ಊಟಕ್ಕೆ ಮೊದಲು, ಆಮೇಲೆ, ಹೇಗಾದರೂ ತಗೊಳ್ಳಿ. ಆದರೆ ಹುಳ ಮೆದುಳಿನಲ್ಲೋ ಲಿವರ್‌ನಲ್ಲೋ ಇದ್ದರೆ ಮಾತು ಬೇರೆ. ಆಗ ತುಪ್ಪ ಎಣ್ಣೆ ಇರುವ ಊಟದ ಜೊತೆ ಕೊಡುತ್ತೇವೆ, ರಕ್ತಕ್ಕೆ ಸೇರುವುದು ಸುಮಾರು ಐದು ಪಟ್ಟು ಹೆಚ್ಚುತ್ತದೆ.

ಗೋವಾದ ವಾಸ್ಕೋದಿಂದ: ಅಕ್ಕಾರ, ನಾವು ಬಾಗಲಕೋಟೆ ಕಡೆಯವರು, ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದೇವೆ. ನನ್ನ ತಂಗಿಗೆ ಈಗ ನಾಲ್ಕು ತಿಂಗಳು ತುಂಬಿದೆ. ರಕ್ತ 8 ಇದೆಯಂತೆ. ದವಾಖಾನೆಯಲ್ಲಿ ಹುಳದ ಗುಳಿಗೆ ಕೊಟ್ಟಿದ್ದಾರೆ. ಬಸುರಿ ಹೆಂಗಸಿಗೆ ಹುಳದ ಗುಳಿಗೆ ಕೊಡಬಾರದು ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ.

ಉತ್ತರ: ಪಕ್ಕದ ಮನೆಯವರು ಅರ್ಧ ಸರಿ ಹೇಳಿದ್ದಾರೆ. ಮೊದಲ ಮೂರು ತಿಂಗಳು ಕೊಡಬಾರದು, ಆಗ ಕೂಸಿನ ಅಂಗಾಂಗ ರೂಪುಗೊಳ್ಳುತ್ತಿರುತ್ತದೆ. ನಾಲ್ಕನೇ ತಿಂಗಳಿಂದ ಆರನೇ ತಿಂಗಳೊಳಗೆ ಆಲ್ಬೆಂಡಜೋಲ್ 400 ಒಂದು ಮಾತ್ರೆ ಕೊಡುವುದು ನಮ್ಮ ದೇಶದ ಸರ್ಕಾರಿ ಪದ್ಧತಿಯಲ್ಲೇ ಇದೆ. ದವಾಖಾನೆಯವರು ಸರಿಯಾದ ಹೊತ್ತಿಗೇ ಕೊಟ್ಟಿದ್ದಾರೆ. ತಿಂಗಳ ಲೆಕ್ಕ ಖಚಿತ ಇಲ್ಲದಿದ್ದರೆ ಅವರಿಗೇ ಹೇಳಿ, ನೋಡಿ ನಿರ್ಧರಿಸುತ್ತಾರೆ.

ರಕ್ತ ಕಡಿಮೆ ಇರುವುದಕ್ಕೂ ಹುಳಕ್ಕೂ ಏನು ನಂಟು? ಕೊಕ್ಕೆಹುಳ ಅಂತ ಒಂದಿದೆ. ಬಯಲಿಗೆ ಹೋದವರ ಮಲದಿಂದ ಮೊಟ್ಟೆ ಮಣ್ಣಿಗೆ ಬಿದ್ದು ಮರಿಯಾಗುತ್ತದೆ, ಆ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ, ಶ್ವಾಸಕೋಶ ಸುತ್ತಿ ಕರುಳಿಗೆ ಇಳಿದು ಅಲ್ಲೇ ಕಚ್ಚಿ ನೇತಾಡಿಕೊಂಡು ರಕ್ತ ಹೀರುತ್ತದೆ. ಒಂದೊಂದು ಹುಳ ಕುಡಿಯುವುದು ಹನಿ ಲೆಕ್ಕದಲ್ಲಿ. ನೂರಾರು ಸೇರಿ ವರ್ಷಗಟ್ಟಲೆ ಕುಡಿದರೆ ಬಾಣಂತನಕ್ಕೆ ಬೇಕಾದ ರಕ್ತ ಉಳಿಯುವುದಿಲ್ಲ. ತಂಗಿಗೆ ಕೊಕ್ಕೆಹುಳವೇ ಇದೆ ಅಂತ ನಾನು ಹೇಳುತ್ತಿಲ್ಲ, ರಕ್ತ ಕಡಿಮೆಯಾಗಲು ಬೇರೆ ಕಾರಣಗಳೂ ಇವೆ. ಆದರೆ ಸೈಟಿನಲ್ಲಿ ಚಪ್ಪಲಿ ಹಾಕದೆ ಓಡಾಡುವವರಿಗೆ ಈ ಮಾತ್ರೆ ತಗೊಂಡರೆ ನಷ್ಟವಿಲ್ಲ.

ಒಂದು ಗಮನದಲ್ಲಿರಲಿ. ಹುಳದ ಮಾತ್ರೆ ಸೋರುವ ನಲ್ಲಿಯನ್ನು ನಿಲ್ಲಿಸುತ್ತದೆ ಅಷ್ಟೇ, ಕೊಡ ತುಂಬಿಸುವುದಿಲ್ಲ. ತುಂಬಿಸುವುದು ಕಬ್ಬಿಣದ ಮಾತ್ರೆ. ಅದನ್ನು ಬಿಡಬೇಡಿ. ಚಹಾದ ಜೊತೆ ಮಾತ್ರ ನುಂಗಬೇಡಿ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. 8 ಅಂದರೆ ಕಮ್ಮಿಯೇ, ಮುಂದಿನ ತಪಾಸಣೆ ತಪ್ಪಿಸಬೇಡಿ. ಆಮೇಲೆ ತಂಗಿಗೆ ಒಂದು ಜೊತೆ ಚಪ್ಪಲಿ ಕೊಡಿಸಿ.

ಮುಂಬೈಯ ಮಾಟುಂಗಾದಿಂದ, ನಿವೃತ್ತ ಹೋಟೆಲ್ ಮ್ಯಾನೇಜರ್: ನನ್ನ ತಮ್ಮನಿಗೆ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿ ಮೆದುಳಿನಲ್ಲಿ ಹುಳದ ಗುಳ್ಳೆ ಇದೆ ಅಂದರು. ನಾವು ಮೊಟ್ಟೆಯನ್ನೂ ಮುಟ್ಟದವರು, ಇದು ಹೇಗೆ ಸಾಧ್ಯ? ಕೋಸು ತಿಂದದ್ದರಿಂದಲಾ? ಮನೆಯವರೆಲ್ಲ ಈಗ ಹುಳದ ಮಾತ್ರೆ ತಗೊಂಡುಬಿಡೋಣ ಅಂತಿದ್ದೇವೆ, ತಮ್ಮನಿಗೂ ಎರಡು ಜಾಸ್ತಿ ಕೊಡಬಹುದಾ?

ಉತ್ತರ: ರಾಯರೇ, ತಮ್ಮನಿಗೆ ಮನೆಯಲ್ಲಿ ಒಂದು ಮಾತ್ರೆಯನ್ನೂ ಕೊಡಬೇಡಿ. ಇದನ್ನು ಮೊದಲು ಹೇಳಿ ಆಮೇಲೆ ಉಳಿದದ್ದು ಹೇಳುತ್ತೇನೆ. ಮೆದುಳಿನ ಗುಳ್ಳೆಯಲ್ಲಿರುವ ಹುಳ ಸಾಯುವಾಗ ಸುತ್ತ ಊತ ಬರುತ್ತದೆ, ಆಗ ಫಿಟ್ಸ್ ಜೋರಾಗಬಹುದು, ತಲೆಯೊಳಗಿನ ಒತ್ತಡ ಏರಬಹುದು. ಅದಕ್ಕೆ ನರರೋಗದ ಡಾಕ್ಟರು ಮೊದಲು ಸ್ಟೀರಾಯ್ಡ್ ಮತ್ತು ಫಿಟ್ಸ್ ಮಾತ್ರೆ ಶುರುಮಾಡಿ, ಆಮೇಲೆ ಆಲ್ಬೆಂಡಜೋಲ್ ಅನ್ನು ತೂಕ ನೋಡಿ ದಿನಗಟ್ಟಲೆ ಕೊಡುತ್ತಾರೆ. ಗುಳ್ಳೆ ಆಗಲೇ ಸತ್ತು ಸುಣ್ಣಗಟ್ಟಿದ್ದರೆ ಹುಳದ ಮದ್ದೇ ಬೇಕಾಗುವುದಿಲ್ಲ. ಅದೆಲ್ಲ ಸ್ಕ್ಯಾನ್ ನೋಡಿದವರ ನಿರ್ಧಾರ.

ಸಸ್ಯಾಹಾರಿಗೆ ಹೇಗೆ? ಇದು ಲಾಡಿಹುಳದ ಕಥೆ. ಹಂದಿಮಾಂಸ ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಉದ್ದನೆಯ ಲಾಡಿಹುಳ ಬೆಳೆಯುತ್ತದೆ. ಅವರ ಮಲದಲ್ಲಿ ಮೊಟ್ಟೆ ಹೊರಬರುತ್ತದೆ. ಆ ಮೊಟ್ಟೆ ಕೊಳಕು ನೀರು, ಹಸಿ ಸೊಪ್ಪು, ತೊಳೆಯದ ಕೈಯ ಮೂಲಕ ಯಾರ ಹೊಟ್ಟೆಗೆ ಹೋದರೂ, ಅವರು ಜನ್ಮದಲ್ಲಿ ಮಾಂಸ ನೋಡದವರಾದರೂ, ಮರಿ ರಕ್ತದಲ್ಲಿ ತೇಲಿ ಮೆದುಳು ಸೇರಬಹುದು. ಅಂದರೆ ಮಾಂಸ ತಿಂದವನ ಕರುಳಿಗೆ ಹುಳ, ಸೊಪ್ಪು ತಿಂದವನ ತಲೆಗೆ ಗುಳ್ಳೆ. ಅನ್ಯಾಯವೇ, ಆದರೆ ಹಾಗೇ ಇದೆ. ಕೋಸನ್ನು ಎಲ್ಲರೂ ಸುಮ್ನೆ ಬೈಯುತ್ತಾರೆ, ಅದರ ಒಳಗೆ ಹುಳ ಹುಟ್ಟುವುದಿಲ್ಲ. ಬೇಯಿಸಿದ ಕೋಸಿನ ಪಲ್ಯದಿಂದ ಏನೂ ಆಗುವುದಿಲ್ಲ. ಲೋಕಲ್ ಟ್ರೈನಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಹಳಿ ಬದಿಯ ಪಾಲಕ್ ಮಡಿ, ಅದಕ್ಕೆ ಹಾಯಿಸುವ ನೀರು ಎರಡೂ ಗೊತ್ತು. ಅಂಥ ಸೊಪ್ಪನ್ನು ಹಸಿಯಾಗಿ ಸಲಾಡಿಗೆ, ಸ್ಯಾಂಡ್‌ವಿಚ್ಚಿಗೆ ಹಾಕುವುದೇ ತೊಂದರೆ.

ಮನೆಯವರೆಲ್ಲ ಸುಮ್ನೆ ಮಾತ್ರೆ ನುಂಗುವುದಕ್ಕಿಂತ ಮಲ ಪರೀಕ್ಷೆ ಮಾಡಿಸಿ, ಅಡುಗೆ ಮಾಡುವವರದ್ದು ಮೊದಲು. ಯಾರದಾದರೂ ಕರುಳಿನಲ್ಲಿ ಲಾಡಿಹುಳ ಸಿಕ್ಕರೆ ಅದಕ್ಕೆ ಪ್ರಾಜಿಕ್ವಾಂಟೆಲ್ ಅಥವಾ ನಿಕ್ಲೋಸಮೈಡ್ ಕೊಡುತ್ತಾರೆ. ಪ್ರಾಜಿಕ್ವಾಂಟೆಲ್ ಕೂಡ ಮೆದುಳಿಗೆ ಹೋಗುವ ಮದ್ದು, ಹಾಗಾಗಿ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಹೇಳದೆ ತಗೊಳ್ಳಬಾರದು.

ಘಾಟ್ಕೋಪರ್‌ನಿಂದ ಒಬ್ಬ ತಂದೆ: ಮಾತ್ರೆ ಕೊಟ್ಟ ಮರುದಿನ ಮಗನ ಮಲದಲ್ಲಿ ಎರೆಹುಳದಷ್ಟು ಉದ್ದದ ಹುಳ ಬಂತು, ಅಲುಗಾಡುತ್ತಿತ್ತು. ಒಳಗೆ ಇನ್ನೂ ಎಷ್ಟಿದೆಯೋ! ನಮ್ಮಜ್ಜಿ ಹುಳದ ಮದ್ದಿನ ಮರುದಿನ ಹರಳೆಣ್ಣೆ ಕುಡಿಸುತ್ತಿದ್ದರು, ಅದನ್ನೂ ಕೊಡಬೇಕಾ?

ಉತ್ತರ: ಅದು ದುಂಡುಹುಳ. ಒಂದು ಅಡಿಯವರೆಗೂ ಬೆಳೆಯುತ್ತದೆ, ಹೆಣ್ಣು ಹುಳ ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆ. ಹೊರಗೆ ಬಂದದ್ದು ಒಳ್ಳೆಯ ಸುದ್ದಿ. ಜೀವ ಇದ್ದರೂ ಹೆದರಬೇಡಿ, ಉಪವಾಸ ಬಿದ್ದು ಸಾಯುವುದಕ್ಕೆ ಹೊತ್ತು ಹಿಡಿಯುತ್ತದೆ ಅಂತ ಮೇಲೆ ಬರೆದಿದ್ದೇನಲ್ಲ.

ಅಜ್ಜಿಯದು ಮೂಢನಂಬಿಕೆ ಅಲ್ಲ. ಆ ಕಾಲದ ಸ್ಯಾಂಟೋನಿನ್, ಪಿಪರಜಿನ್‌ನಂಥ ಮದ್ದುಗಳು ಹುಳವನ್ನು ಕೊಲ್ಲುತ್ತಿರಲಿಲ್ಲ, ಅದರ ಹಿಡಿತ ಸಡಿಲ ಮಾಡುತ್ತಿದ್ದವು. ಅಷ್ಟರಲ್ಲಿ ಭೇದಿ ಮಾಡಿಸಿ ಹೊರಗೆ ತಳ್ಳಬೇಕಿತ್ತು. ಈಗಿನ ಮಾತ್ರೆಗೆ ಅದರ ಅಗತ್ಯ ಇಲ್ಲ, ಹರಳೆಣ್ಣೆ ಬೇಡ. ಬೇವು, ವಾಯುವಿಡಂಗ, ಪಪ್ಪಾಯಿ ಬೀಜ ಅಂತ ಮನೆಮದ್ದು ಬರೆದವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಒಂದು ಮಾತ್ರೆಯಲ್ಲಿ ಮುಗಿಯುವುದಕ್ಕೆ ಮಕ್ಕಳ ಬಾಯಿ ಕಹಿ ಮಾಡುವುದು ಯಾಕೆ? ಆದರೆ ಮಗನಿಗೆ ಹೊಟ್ಟೆ ಉಬ್ಬಿ, ಹಸಿರು ವಾಂತಿ ಆಗಿ, ಮಲ ಗಾಳಿ ಎರಡೂ ನಿಂತರೆ ಮನೆಯಲ್ಲಿ ಕೂರಬೇಡಿ. ಹುಳ ಗಂಟುಕಟ್ಟಿ ಕರುಳು ಮುಚ್ಚಿರಬಹುದು. ಅಂಥ ಹೊತ್ತಲ್ಲಿ ಇನ್ನೊಂದು ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಹೋಗಿ.

ಠಾಣೆಯಿಂದ ಕನ್ನಡ ಶಾಲೆಯ ಒಬ್ಬ ಟೀಚರ್: ಮಾತ್ರೆ ಕೊಟ್ಟ ದಿನ ಕೆಲವು ಮಕ್ಕಳಿಗೆ ಹೊಟ್ಟೆನೋವು, ವಾಂತಿ ಆಗುತ್ತದೆ. ಪೋಷಕರು ನಮ್ಮ ಮೇಲೆ ಜಗಳಕ್ಕೆ ಬರುತ್ತಾರೆ. ಬಾಲವಾಡಿಯ ಚಿಕ್ಕ ಮಕ್ಕಳಿಗೆ ಕೊಡಲು ಹೆದರಿಕೆ.

ಉತ್ತರ: ಹೊಟ್ಟೆಯಲ್ಲಿ ಹುಳ ಜಾಸ್ತಿ ಇರುವ ಮಕ್ಕಳಿಗೇ ಹೀಗಾಗುವುದು ಹೆಚ್ಚು. ನೆರಳಲ್ಲಿ ಮಲಗಿಸಿ, ನೀರು ಕುಡಿಸಿ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಹೋಗದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಪೋಷಕರಿಗೆ ಹಿಂದಿನ ದಿನವೇ ಒಂದು ಚೀಟಿ ಬರೆದು ಕಳಿಸಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಅದಕ್ಕಿಂತ ದೊಡ್ಡವರಿಗೆ ಪೂರ್ತಿ. ಚಿಕ್ಕವರಿಗೆ ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿ, ದೊಡ್ಡವರು ನಿಮ್ಮ ಕಣ್ಣೆದುರೇ ಜಗಿಯಲಿ. ಜ್ವರ ಬಂದ ಮಗುವಿಗೆ ಅವತ್ತು ಬೇಡ. ಅಳುವ ಮಗುವಿನ ಬಾಯಿ ಹಿಡಿದು ತುರುಕಲೇಬೇಡಿ, ಗಂಟಲಿಗೆ ಸಿಕ್ಕಿಕೊಂಡರೆ ಹುಳಕ್ಕಿಂತ ದೊಡ್ಡ ಅಪಾಯ. ತಪ್ಪಿಹೋದವರಿಗೆ ಕೊಡಲೆಂದೇ ಒಂದು ವಾರದೊಳಗೆ ಇನ್ನೊಂದು ದಿನ ಇಟ್ಟಿರುತ್ತಾರೆ, ಅವತ್ತು ಕೊಟ್ಟರಾಯಿತು.